ಹೆಸರು ಬದಲಾದರೆ ಬಾಳು ಬದಲಾದೀತೆ?

(ಮಹಿಳಾ ವೇದಿಕೆಯ ತಿಂಗಳ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಒಂದು ಹಳೆಯ ಸಂಗತಿಯಿಂದ ಶುರು ಮಾಡುತ್ತೇನೆ. 1951–52ರಲ್ಲಿ ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ ನಡೆಯಿತು. ಮತದಾರರ ಪಟ್ಟಿ ಮಾಡಲು ಮನೆಮನೆಗೆ ಹೋದವರಿಗೆ, ಅದರಲ್ಲೂ ಉತ್ತರದ ರಾಜ್ಯಗಳಲ್ಲಿ, ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಅವರು ಇದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಬೇಕೇ ಬೇಕು ಎಂದರು. ಕೊನೆಗೂ ಹೆಸರು ಕೊಡದ ಸುಮಾರು 28 ಲಕ್ಷ ಮಹಿಳೆಯರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಹೆಸರಿಲ್ಲ, ಆದ್ದರಿಂದ ಓಟಿಲ್ಲ. ನಮ್ಮನ್ನು ಏನೆಂದು ಕರೆಯುತ್ತಾರೆ ಎನ್ನುವುದು ಬರೀ ಮಾತಿನ ವಿಷಯವಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹೆಂಗಸರು ಹೆಸರಿಟ್ಟ ಕಥೆಯೂ ನಮ್ಮ ಚೆನ್ನೈಯಲ್ಲೇ ಇದೆ. ಈರೋಡಿನಲ್ಲಿ, ಕನ್ನಡ ಮನೆಮಾತಿನ ಕುಟುಂಬದಲ್ಲಿ ಹುಟ್ಟಿದ ಇ.ವಿ. ರಾಮಸ್ವಾಮಿಯವರಿಗೆ 'ಪೆರಿಯಾರ್' ಎಂಬ ಬಿರುದು ಬಂದದ್ದು 1938ರ ನವೆಂಬರ್‌ನಲ್ಲಿ, ಇದೇ ಊರಿನಲ್ಲಿ ನಡೆದ ತಮಿಳುನಾಡು ಮಹಿಳಾ ಸಮ್ಮೇಳನದಲ್ಲಿ. ತಮಿಳಿನ 'ಪ'ಕಾರ ಕನ್ನಡಕ್ಕೆ ಬಂದಾಗ 'ಹ'ಕಾರವಾಗುತ್ತದಲ್ಲ, ಹಾಗೆ ನೋಡಿದರೆ ಅದು ನಮ್ಮ 'ಹಿರಿಯರು' ಎಂಬ ಪದವೇ. ಅವರ ವಿಚಾರಗಳನ್ನು ಒಪ್ಪುವವರೂ ಬಿಡುವವರೂ ಇಂದಿಗೂ ಕರೆಯುವುದು ಆ ಹೆಂಗಸರು ಇಟ್ಟ ಹೆಸರಿನಿಂದಲೇ.

ಆದರೆ ಹೆಸರು ಬದಲಾದಾಗಲೆಲ್ಲ ಲಾಭ ಎಲ್ಲರಿಗೂ ಸಮನಾಗಿ ಬರುವುದಿಲ್ಲ. ನಮ್ಮಲ್ಲಿ ಎಷ್ಟೋ ಜನರ ಮಕ್ಕಳು ಮೊಮ್ಮಕ್ಕಳು ಭರತನಾಟ್ಯ ಕಲಿಯುತ್ತಿದ್ದಾರೆ. ನೂರು ವರ್ಷದ ಹಿಂದೆ ಈ ಊರಿನಲ್ಲಿ ಅದನ್ನು 'ಸದಿರ್' ಎನ್ನುತ್ತಿದ್ದರು. ಕುಲೀನರ ಮನೆಯ ಹೆಣ್ಣುಮಕ್ಕಳು ಅದರ ಹತ್ತಿರ ಸುಳಿಯುವಂತಿರಲಿಲ್ಲ. 1930ರ ದಶಕದಲ್ಲಿ 'ಭರತನಾಟ್ಯ' ಎಂಬ ಹೆಸರು ನೆಲೆಗೊಂಡಿತು, ಮ್ಯೂಸಿಕ್ ಅಕಾಡೆಮಿಯ ವೇದಿಕೆ ಸಿಕ್ಕಿತು, 1936ರಲ್ಲಿ ರುಕ್ಮಿಣಿ ದೇವಿಯವರು ಕಲಾಕ್ಷೇತ್ರ ಕಟ್ಟಿದರು. ಕಲೆಗೆ ಗೌರವ ಬಂತು. ಅದನ್ನು ತಲೆಮಾರುಗಳ ಕಾಲ ಉಳಿಸಿಕೊಂಡು ಬಂದ ಹೆಂಗಸರಿಗೆ? 'ದೇವದಾಸಿ' ಎಂಬ ಪದ ಬೈಗುಳವಾಗಿ ಉಳಿಯಿತು.

ದೇವರಿಗೆ ಬಿಡುವ ಪದ್ಧತಿ ಹೋಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಮದರಾಸು ಶಾಸನಸಭೆಯಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಅದಕ್ಕಾಗಿ ಹೋರಾಡಿದರು, 1947ರಲ್ಲಿ ಇಲ್ಲಿ ಕಾನೂನು ಬಂತು. ಕರ್ನಾಟಕದಲ್ಲಿ ಬಂದದ್ದು 1982ರಲ್ಲಿ. ಅಲ್ಲಿನ ಸರ್ಕಾರಿ ಕಡತಗಳಲ್ಲಿ ಆ ಹೆಣ್ಣುಮಕ್ಕಳು 'ಮಾಜಿ ದೇವದಾಸಿ'ಯರಾದರು. ಮಾಜಿ ಮಂತ್ರಿ ಎಂದರೆ ಮರ್ಯಾದೆ. ಈ ತಾಯಂದಿರಿಗೆ ಮಾತ್ರ 'ಮಾಜಿ' ಎಂಬುದು ಅಳಿಸಲಾಗದ ಹಚ್ಚೆ. ಪಿಂಚಣಿ ಬೇಕೆಂದರೆ ಅದೇ ಹೆಸರು ಹೇಳಿಕೊಂಡೇ ಸಾಲಿನಲ್ಲಿ ನಿಲ್ಲಬೇಕು.

ಇನ್ನು 2023ನೇ ಇಸವಿಗೆ ಬನ್ನಿ. ಮನೆಗೆಲಸ ಮಾಡುವ ಹೆಣ್ಣಿನ ಬಗ್ಗೆ ಆ ಒಂದೇ ವರ್ಷ ಎಷ್ಟು ಮಾತು ಬದಲಾಯಿತು ನೋಡಿ. ಅದಕ್ಕೂ ಹಿಂದೆ, 2010ರಲ್ಲಿ, ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ ಬೇಸರಪಟ್ಟಿತ್ತು: ಜನಗಣತಿಯವರು ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳು ಇವರ ಜೊತೆಗೆ 'ದುಡಿಯದವರ' ಪಟ್ಟಿಗೆ ಸೇರಿಸಿದ್ದಾರಲ್ಲ ಎಂದು. ನಾವು ಕೂಡ "ನೀವೇನು ಮಾಡ್ತೀರಿ?" ಎಂದು ಯಾರಾದರೂ ಕೇಳಿದರೆ "ಏನೂ ಇಲ್ಲ, ಮನೇಲೇ ಇದೀನಿ" ಅಂದವರೇ ತಾನೆ?

2023ರ ಜೂನ್‌ನಲ್ಲಿ ಮದರಾಸು ಹೈಕೋರ್ಟು, ಗಂಡ ಸಂಪಾದಿಸಿ ಕೊಂಡ ಆಸ್ತಿಯಲ್ಲಿ ಮನೆ ನಡೆಸಿದ ಹೆಂಡತಿಗೂ ಸಮಪಾಲು ಇದೆ ಎಂದು ಒಂದು ಮೊಕದ್ದಮೆಯಲ್ಲಿ ಹೇಳಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು, ಹೆಣ್ಣನ್ನು ಕೀಳಾಗಿ ಕಾಣುವ ಪದಗಳನ್ನು ತೀರ್ಪುಗಳಲ್ಲಿ ಬಳಸಬೇಡಿ ಎಂದು ಒಂದು ಕೈಪಿಡಿಯನ್ನೇ ಹೊರತಂದಿತು. 'ಹೌಸ್‌ವೈಫ್' ಬೇಡ, 'ಹೋಮ್‌ಮೇಕರ್' ಎನ್ನಿ ಎಂದಿತು. ಅದೇ ತಿಂಗಳ ಕೊನೆಗೆ ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಯಿತು: ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಸೆಪ್ಟೆಂಬರ್ 15ಕ್ಕೆ ತಮಿಳುನಾಡಿನಲ್ಲಿ ತಿಂಗಳಿಗೆ 1,000 ರೂಪಾಯಿಯ ಯೋಜನೆ ಬಂತು.

ಎರಡೂ ಹೆಸರುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಲ್ಲಿ ಲಕ್ಷ್ಮಿ. ಇಲ್ಲಿ 'ಮಗಳಿರ್ ಉರಿಮೈ ತೊಗೈ', ಅಂದರೆ ಮಹಿಳೆಯರ ಹಕ್ಕಿನ ಹಣ. ದುಡ್ಡು ಅಲ್ಲಿ ಹೆಚ್ಚು. ಪದ, ನನಗನ್ನಿಸುವಂತೆ, ಇಲ್ಲಿನದು ಗಟ್ಟಿ. ಲಕ್ಷ್ಮಿಯನ್ನು ಪೂಜೆ ಮಾಡಿ ಒಳಗೆ ಕೂರಿಸಬಹುದು. ಹಕ್ಕುಳ್ಳವಳನ್ನು ಹಾಗೆ ಕೂರಿಸಲಾಗದು. ಆದರೂ ಕರ್ನಾಟಕದ ಅರ್ಜಿಯಲ್ಲಿರುವ 'ಯಜಮಾನಿ' ಎಂಬ ಪದ ನನಗೆ ಇಷ್ಟ. ನಮ್ಮ ಅತ್ತೆಯವರು ಜೀವಮಾನವಿಡೀ "ನಮ್ಮ ಯಜಮಾನ್ರು" ಎಂದೇ ಹೇಳಿದರು. ಆ ಮನೆಗೆ ಒಬ್ಬ ಯಜಮಾನಿಯೂ ಇದ್ದಾಳೆ ಎಂದು ಅವರಿಗೆ ಯಾರೂ ಹೇಳಲಿಲ್ಲ. ಇವೇ ಯೋಜನೆಗಳನ್ನು 'ಬಿಟ್ಟಿ' ಎಂದು ಕರೆಯುವವರೂ ಇದ್ದಾರೆ. ಬೊಕ್ಕಸದ ಲೆಕ್ಕ ಕೇಳುವುದು ತಪ್ಪಲ್ಲ. ಆದರೆ ಬಿಟ್ಟಿ ಎಂಬ ಪದದ ಹಳೆಯ ಅರ್ಥವೇ ಕೂಲಿಯಿಲ್ಲದ ದುಡಿಮೆ. ಹಾಗೆ ನೋಡಿದರೆ ಮನೆಯಲ್ಲಿ ಬಿಟ್ಟಿ ಯಾರದು?

ಕೊನೆಯದಾಗಿ ನಮ್ಮ ಮನೆಯಂಗಳದ ಮಾತು. ತಮಿಳಿನಲ್ಲಿ 'ವಿದವೈ' ಎಂದು ಬರೆದರೆ ಅದರಲ್ಲಿ ಒಂದೂ ಚುಕ್ಕೆ ಇಲ್ಲ. 'ಕೈಮ್ಪೆಣ್' ಎಂದು ಬರೆದರೆ ಎರಡು ಚುಕ್ಕೆ ಬರುತ್ತವೆ. ಹಣೆಗೆ ಬೊಟ್ಟಿಲ್ಲದವಳಿಗೆ ತಮಿಳು ಎರಡು ಬೊಟ್ಟು ಇಟ್ಟಿತು ಎಂದು ಕರುಣಾನಿಧಿಯವರ ಹೆಸರಿನಲ್ಲಿ ಇಲ್ಲಿ ಈ ಮಾತು ಓಡಾಡುತ್ತದೆ. ಚೆನ್ನಾಗಿದೆ. ಆದರೆ ನಯವಾದ ಪದ ಕ್ರೌರ್ಯವನ್ನು ಮುಚ್ಚಲೂಬಹುದು. ಹುಡುಗಿಯ ತಲೆ ಬೋಳಿಸಿ ಮೂಲೆಗೆ ಕೂರಿಸಿ ನಾವು ಅವಳನ್ನು 'ಮಡಿ ಹೆಂಗಸು' ಎಂದು ಕರೆದವರಲ್ಲವೇ?

ಕೆಲವು ವರ್ಷದ ಹಿಂದೆ ಒಂದು ಕಡೆ ಗೌರಿ ಹಬ್ಬದ ಕಾರ್ಯಕ್ರಮದ ಆಹ್ವಾನದಲ್ಲಿ "ಸುಮಂಗಲಿಯರಿಗೆ ಬಾಗಿನ" ಎಂದು ಅಚ್ಚಾಗಿತ್ತು. ಅದೇ ವರ್ಷ ಗಂಡನನ್ನು ಕಳೆದುಕೊಂಡಿದ್ದ ನನ್ನ ಗೆಳತಿ ಬರಲಿಲ್ಲ. ಅದುವರೆಗೆ ಪ್ರತಿ ವರ್ಷ ಕೋಸಂಬರಿಗೆ ಬೇಳೆ ನೆನೆಸುತ್ತಿದ್ದವಳು ಅವಳೇ. ಫೋನ್ ಮಾಡಿದರೆ, "ಕಾರ್ಡಿನಲ್ಲಿ ನನ್ನ ಹೆಸರಿಲ್ಲವಲ್ಲೇ" ಅಂದಳು. ಯಾರೂ ಬೇಕೆಂದು ಮಾಡಿದ್ದಲ್ಲ. ಹಳೆಯ ಪದ, ಹಾಗೇ ಬಂದುಬಿಟ್ಟಿತ್ತು. ಕಾರ್ಡು ನೋಡಿದ ನನಗೂ ಅದು ಹೊಳೆದಿರಲಿಲ್ಲ.

ಸರ್ಕಾರದ ಪದ ಬದಲಾಯಿಸುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಆಹ್ವಾನ ಪತ್ರಿಕೆಯ ಪದ ನಮ್ಮ ಕೈಯಲ್ಲಿದೆ. ಈ ಸಲ "ಎಲ್ಲ ಹೆಣ್ಣುಮಕ್ಕಳಿಗೂ ಬಾಗಿನ" ಎಂದು ಅಚ್ಚು ಹಾಕಿಸೋಣ. ಹಾಕಿಸಿದರಷ್ಟೇ ಸಾಲದು, ಬಂದವರಿಗೆಲ್ಲ ಕೈಯಾರೆ ಮೊರ ಕೊಡಬೇಕು. ಕೊಡದಿದ್ದರೆ ಹೊಸ ಪದವೂ 'ಮಡಿ' ಎಂಬ ಪದದ ಹಾಗೆಯೇ ಆದೀತು.