ಹೆಕ್ಟೇರಿನ ಲೆಕ್ಕ, ನೀರಿನ ಲೆಕ್ಕ



ಗಣಿಗೆಂದು ಬಿಟ್ಟುಕೊಟ್ಟ ಅರಣ್ಯಕ್ಕೆ ಪ್ರತಿಯಾಗಿ ಬೇರೆಡೆಯ ನೆಲದಲ್ಲಿ ಸಸಿಗಳನ್ನು ನೆಡತಕ್ಕದ್ದೆಂಬುದು 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ಆಶ್ರಯದಲ್ಲಿ ಬೆಳೆದುಬಂದ ವಿನಿಮಯಕ್ರಮ. ಸೊಂಡೂರಿನ ದೇವದಾರಿ ಬೆಟ್ಟದಲ್ಲಿ ಸುಮಾರು 401 ಹೆಕ್ಟೇರ್ ಕಾಡನ್ನು ಕುದುರೆಮುಖದ ಕಬ್ಬಿಣದ ಅದಿರು ಸಂಸ್ಥೆಗೆ ವಹಿಸಿಕೊಡುವ ಯೋಜನೆಗೆ, ನಮ್ಮ ಮಂಡ್ಯ ಕ್ಷೇತ್ರದಿಂದ ಆಯ್ಕೆಯಾಗಿ ಕೇಂದ್ರದ ಉಕ್ಕು ಸಚಿವರಾದ ಹೆಚ್.ಡಿ. ಕುಮಾರಸ್ವಾಮಿಯವರು 2024ರ ಜೂನ್‌ನಲ್ಲಿ ಅನುಮೋದನೆಯ ಸಹಿ ಹಾಕಿದರು; ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಆ ಭೂಮಿಯನ್ನು ಹಸ್ತಾಂತರಿಸಬಾರದೆಂದು ಅಧಿಕಾರಿಗಳಿಗೆ ಸೂಚಿಸಿದರು. ಆದುದರಿಂದ ಮಂಡ್ಯ, ಮದ್ದೂರು, ಮಳವಳ್ಳಿಗಳ ಮತದಾರರಾದ ನಮಗೂ ಈ ವಿವಾದದಲ್ಲಿ ಹೊಣೆಯುಂಟು.

ಯೋಜನೆಯ ಪರವಾದ ವಾದವನ್ನು ಹಗುರವಾಗಿ ಕಾಣಲಾಗದು. ದೇಶಕ್ಕೆ ಉಕ್ಕು ಬೇಕು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಕುದುರೆಮುಖದ ಗಣಿ 2005ರ ಅಂತ್ಯಕ್ಕೆ ನಿಂತ ಮೇಲೆ ಆ ಸಂಸ್ಥೆಗೆ ಸ್ವಂತ ಅದಿರಿಲ್ಲ, ಅದನ್ನು ನಂಬಿದ ಕಾರ್ಮಿಕರ ಸಂಸಾರಗಳೂ ನಡೆಯಬೇಕು. ಆದರೆ ಗುಡ್ಡದ ನೆತ್ತಿಯ ಮೇಲೆ ಸುರಿದ ಮಳೆ ಹುಲ್ಲಿನ ಬೇರುಗಳ ನಡುವೆ ತಂಗಿ, ಬಂಡೆಯ ಸಂದಿನಲ್ಲಿ ಜಿನುಗಿ, ತೊರೆತೊರೆಯಾಗಿ ನಾರಿಹಳ್ಳವನ್ನು ಸೇರುವ ಆ ನಿಧಾನವಾದ ವ್ಯವಸ್ಥೆಯನ್ನು ಮತ್ತೊಂದು ತಾಲ್ಲೂಕಿನ ಬಯಲಿನಲ್ಲಿ ಗುಂಡಿ ತೋಡಿ ನೆಟ್ಟ ಸಸಿಗಳು ಹೇಗೆ ತಾನೇ ತುಂಬಿಕೊಟ್ಟಾವು? ಹೆಕ್ಟೇರಿಗೆ ಹೆಕ್ಟೇರು ಸರಿಹೋಗಬಹುದು. ಹಳ್ಳಕ್ಕೆ ಹಳ್ಳ ಸಿಕ್ಕದು.

ಗಣಿಯ ಲಾಭನಷ್ಟಗಳು ನಮ್ಮ ಸೀಮೆಗೆ ಹೊಸತಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗೆ; ಆ ಗಣಿ 2001ರಲ್ಲಿ ಮುಚ್ಚಿತು, ಸೈನೈಡ್ ಬೆರೆತ ಮಣ್ಣಿನ ದಿಬ್ಬಗಳು ಮಾತ್ರ ಅಲ್ಲಿಯ ಜನರ ಪಾಲಿಗೆ ಉಳಿದವು. ಇತ್ತ ಪಾಂಡವಪುರದ ಬೇಬಿ ಬೆಟ್ಟದ ಕಲ್ಲುಗಣಿಯ ಸ್ಫೋಟಗಳು ಕನ್ನಂಬಾಡಿ ಕಟ್ಟೆಗೆ ಅಪಾಯವನ್ನು ತಂದಾವೆಂಬ ಆತಂಕ ಬಲಿಯಲಾಗಿ, 2024ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವು ಕಟ್ಟೆಯ ಸುತ್ತಣ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ, ಸುರಕ್ಷತೆಯ ಅಧ್ಯಯನ ಮುಗಿಯುವ ತನಕ, ಗಣಿಗಾರಿಕೆಯನ್ನು ನಿಷೇಧಿಸಿತು. ವಿಶ್ವೇಶ್ವರಯ್ಯ ನಾಲೆಯ ನೀರಿನಿಂದ ಭತ್ತ, ಕಬ್ಬು ಬೆಳೆಯುವ ನಾವು ನಮ್ಮ ಕಟ್ಟೆಗಾಗಿ ಬಯಸಿದ ಎಚ್ಚರವನ್ನೇ ಸೊಂಡೂರಿನವರು ತಮ್ಮ ಬೆಟ್ಟಕ್ಕಾಗಿ ಬಯಸಿದರೆ ಅದು ನ್ಯಾಯವೇ ಸರಿ.

ಸಾರ್ವಜನಿಕ ಭೂಮಿ ಇಂದಿನ ಸರ್ಕಾರದ ಆಸ್ತಿಯಲ್ಲ. ಮುಂದಿನವರ ಪರವಾಗಿ ಅದು ಕಾಯ್ದುಕೊಂಡಿರುವ ನ್ಯಾಸ. ಆದಕಾರಣ ಗೋಮಾಳವಾಗಲಿ, ಕಾವಲಾಗಲಿ, ಕಾಡಾಗಲಿ, ವಿನಿಮಯದ ಮಾತು ಬಂದಾಗ ಗ್ರಾಮಸಭೆಯಲ್ಲಿ ಎದ್ದು ನಿಂತು, ಸರ್ವೆ ನಕ್ಷೆಯನ್ನು ತರಿಸಿ, ಅದರಲ್ಲಿ ಹಳ್ಳಕೊಳ್ಳಗಳು ಎಲ್ಲಿವೆಯೆಂದು ಮೊದಲು ಕೇಳಿರಿ. ಉತ್ತರ ದೊರೆಯುವವರೆಗೆ ಒಪ್ಪಿಗೆಯನ್ನು ಕೊಡಬೇಡಿರಿ.