ಮೂರು ಚರ್ಚು, ಒಂದು ಕೇರಿ

(ಕೇರಿಯ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಸಂಘದ ಗೆಳೆಯರು ನಮ್ಮನ್ನು ಆಗಾಗ ಕೇಳ್ತಾರೆ: "ಸಿ.ಎಸ್.ಐ. ಅಂತೀರಿ, ಮೆಥೋಡಿಸ್ಟ್ ಅಂತೀರಿ, ಕ್ಯಾಥೊಲಿಕ್ ಅಂತೀರಿ, ಪೆಂಟೆಕೋಸ್ಟ್ ಅಂತೀರಿ. ಯೇಸು ಒಬ್ಬನೇ ತಾನೆ? ಇಷ್ಟೊಂದು ಪಂಗಡ ಯಾಕ್ರಪ್ಪಾ?" ನ್ಯಾಯವಾದ ಪ್ರಶ್ನೆ. ಉತ್ತರ ಹೇಳೋಕೆ ಮೊದಲು ನಮ್ಮ ಕೇರಿಯ ಒಂದು ಸಾವಿನ ಸಂಗತಿ ಹೇಳಬೇಕು.

ನಮ್ಮದು ಕೋಲಾರದ ಸೀಮೆ. ಕೇರಿಯ ಒಬ್ಬ ಅಜ್ಜಿ ತೀರಿಕೊಂಡರು. ಹುಟ್ಟಿದ್ದು ಮೆಥೋಡಿಸ್ಟ್ ಮನೆಯಲ್ಲಿ, ಸೊಸೆಯಾಗಿ ಹೋದದ್ದು ಕ್ಯಾಥೊಲಿಕ್ ಮನೆಗೆ, ಕೊನೆಗಾಲದಲ್ಲಿ ಹೋಗುತ್ತಿದ್ದದ್ದು ಮೂಲೆಯ ಪ್ರಾರ್ಥನೆ ಮನೆಗೆ. ಮಣ್ಣು ಮಾಡುವವರು ಯಾರು? ಒಂದು ಚರ್ಚಿನವರು "ಹೆಸರು ನಮ್ಮ ಪುಸ್ತಕದಲ್ಲಿಲ್ಲ" ಅಂದರು. ಇನ್ನೊಂದರವರು "ನಮ್ಮನ್ನು ಬಿಟ್ಟು ಹೋದವಳು" ಅಂದರು. ಮೂರನೆಯವರಿಗೆ ಹೂಳೋಕೆ ಅಂಗೈಯಗಲ ಜಾಗವಿಲ್ಲ. ಬೆಳಗ್ಗೆ ಹೋದ ಜೀವ, ಹೆಣ ಸಂಜೆತನಕ ಅಂಗಳದಲ್ಲೇ. ಕೊನೆಗೆ ಗುಂಡಿ ತೋಡಿದವರು ಯಾರು ಗೊತ್ತೇ? ಕ್ರೈಸ್ತರಾಗದೆ ಉಳಿದ ನಮ್ಮ ದಾಯಾದಿಗಳು, ಮಾರಮ್ಮನಿಗೆ ನಡೆದುಕೊಳ್ಳುವ ನಮ್ಮ ಅಣ್ಣತಮ್ಮಂದಿರು. ಕೆರೆಯಂಚಿನ ತಮ್ಮ ಮಸಣದಲ್ಲೇ ಜಾಗ ಕೊಟ್ಟರು. ನಾವೇ ಬೈಬಲ್ ಓದಿ ಮಣ್ಣು ಹಾಕಿದೆವು. ಅವತ್ತಿನಿಂದ ಈ ಪ್ರಶ್ನೆ ನಮ್ಮ ಬೆನ್ನು ಬಿಟ್ಟಿಲ್ಲ.

ಈ ಪಂಗಡಗಳು ಎಲ್ಲಿ ಹುಟ್ಟಿದವು? 1517ರಲ್ಲಿ ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ ಪಾಪಕ್ಷಮೆಯ ಪತ್ರ ಮಾರುವವರ ವಿರುದ್ಧ ಎದ್ದು ನಿಂತ. 1534ರಲ್ಲಿ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ ರೋಮಿನ ನಂಟು ಕಡಿದು ತಾನೇ ಅಲ್ಲಿನ ಸಭೆಗೆ ಯಜಮಾನನಾದ. ಹದಿನೆಂಟನೇ ಶತಮಾನದಲ್ಲಿ ಅದೇ ಇಂಗ್ಲೆಂಡಿನ ಸಭೆಯೊಳಗಿಂದ ಜಾನ್ ವೆಸ್ಲಿಯ ಮೆಥೋಡಿಸ್ಟರು ಬಂದರು. ಆ ಜಗಳಗಳಲ್ಲಿ ನ್ಯಾಯವೂ ಇತ್ತು, ರಾಜಕೀಯವೂ ಇತ್ತು. ಆದರೆ ಅವು ನಮ್ಮ ತಾತಂದಿರ ಜಗಳಗಳಲ್ಲ.

ಮಿಷನ್ನಿನವರು ನಮ್ಮ ನಾಡಿಗೆ ಬಂದಾಗ ಸೀಮೆ ಸೀಮೆಯಾಗಿ ಕೆಲಸ ಹಂಚಿಕೊಂಡರು. ಬಳ್ಳಾರಿಯಲ್ಲಿ ಲಂಡನ್ ಮಿಷನ್, ಮಂಗಳೂರು ಧಾರವಾಡದ ಕಡೆ ಬಾಸೆಲ್ ಮಿಷನ್, ಮೈಸೂರು ತುಮಕೂರಿನ ಕಡೆ ವೆಸ್ಲಿಯನ್ನರು, ಕೋಲಾರ ಬೀದರಿನ ಕಡೆ ಅಮೆರಿಕದ ಮೆಥೋಡಿಸ್ಟರು. ನಮ್ಮ ತಾತ ಮೆಥೋಡಿಸ್ಟ್ ಆದದ್ದು ವೆಸ್ಲಿಯನ್ನು ಓದಿ ಅಲ್ಲ. ನಮ್ಮ ಸೀಮೆಗೆ ಬಂದದ್ದು ಆ ಮಿಷನ್ನು, ಅಷ್ಟೆ. ತಾತನಿಗೆ ಬೇಕಾಗಿದ್ದದ್ದು ಮಗನಿಗೆ ನಾಲ್ಕಕ್ಷರ, ಕಾಯಿಲೆಗೆ ಔಷಧಿ, ಮುಟ್ಟಿ ಮಾತಾಡಿಸುವ ಒಬ್ಬ ಮನುಷ್ಯ.

ಪಂಗಡಗಳನ್ನು ಒಂದು ಮಾಡುವ ಪ್ರಯತ್ನವೂ ನಡೆಯಿತು, ಇಲ್ಲ ಅನ್ನೋದಿಲ್ಲ. 1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾದ ಮಾತುಕತೆ ಮುಗಿದು 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿತು. ದೊಡ್ಡ ಕೆಲಸ. ಬ್ರಿಟಿಷ್ ಮೆಥೋಡಿಸ್ಟರು ಅದರಲ್ಲಿ ಸೇರಿದರು, ಅಮೆರಿಕದವರು ಹೊರಗೇ ಉಳಿದರು. ಹಾಗಾಗಿ ತುಮಕೂರಿನ ನಮ್ಮ ನೆಂಟ ಸಿ.ಎಸ್.ಐ. ಆದ, ನಾವು ಮೆಥೋಡಿಸ್ಟಾಗೇ ಉಳಿದೆವು. ಆ ಇಪ್ಪತ್ತೆಂಟು ವರ್ಷಗಳ ಮಾತುಕತೆಯ ದೊಡ್ಡ ಗಂಟು ಬಿಷಪ್ಪರ ಅಧಿಕಾರದ ಪ್ರಶ್ನೆ. ಗಂಟೇನೋ ಬಿಚ್ಚಿತು. ಜಾತಿಯ ಗಂಟು ಮಾತ್ರ ಹಾಗೇ ಉಳಿಯಿತು.

ಪೋಪರ ಸಭೆ ಒಡೆಯದೆ ಒಂದೇ ಇದೆ ಅಂತಾರೆ. ಹಾಗಾದರೆ ತಿರುಚಿನಾಪಳ್ಳಿಯ ಮೇಲಪುದೂರಿನ ಕ್ಯಾಥೊಲಿಕ್ ಸ್ಮಶಾನದಲ್ಲಿ ದಲಿತರ ಹೆಣವನ್ನು ಬೇರೆ ಮಾಡಲು ಗೋಡೆ ಎದ್ದದ್ದು ಹೇಗೆ? ಸಭೆಯೊಳಗೆ ಜಾತಿ ಇದೆ, ಅದು ಪಾಪ ಎಂದು ಒಪ್ಪಿ ಭಾರತದ ಕ್ಯಾಥೊಲಿಕ್ ಬಿಷಪ್ಪರು ದಲಿತರ ಸಬಲೀಕರಣಕ್ಕೆ ಒಂದು ನೀತಿ ಹೊರಡಿಸಿದ್ದು 2016ರಲ್ಲಿ. ನೋಡಿ, ಪಂಗಡ ಬೇರೆ ಬೇರೆ ಆದರೂ ಜಾತಿ ಇದೆ, ಒಂದಾದರೂ ಜಾತಿ ಇದೆ.

ಇನ್ನು ಸರ್ಕಾರ. 1950ರ ರಾಷ್ಟ್ರಪತಿ ಆದೇಶದ ಮೂರನೇ ಕಂಡಿಕೆ, ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಅಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಒಳಗೆ ಸೇರಿಸಿದರು. ಕ್ರೈಸ್ತರು, ಮುಸಲ್ಮಾನರು ಹೊರಗೇ. ಧರ್ಮದ ಈ ಕಟ್ಟು ತೆಗೆಯಿರಿ ಅಂತ ರಂಗನಾಥ ಮಿಶ್ರ ಆಯೋಗ 2007ರಲ್ಲೇ ವರದಿ ಕೊಟ್ಟಿತು. ಅದನ್ನು ಜಾರಿ ಮಾಡದೆ 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಆಯೋಗ ಅಂತ ಮತ್ತೊಂದನ್ನು ಮಾಡಿದರು. ಆ ಕಂಡಿಕೆ ನಮ್ಮನ್ನು ಹೊರಗಿಡುವಾಗ ನೀನು ಲೂಥರನವನೋ ಪೋಪರವನೋ ಅಂತ ಕೇಳಲಿಲ್ಲ. ಊರ ಗೌಡನೂ ಕೇಳೋದಿಲ್ಲ. ಕೇಳೋರು ನಾವು ಮಾತ್ರ, ಅದೂ ನಮ್ಮ ಅಜ್ಜಿಯ ಹೆಣದ ಮುಂದೆ!

ಹಾಗಂತ ಚರ್ಚು ಬಿಟ್ಟುಬಿಡಿ ಅಂತ ನಾವು ಹೇಳ್ತಾ ಇಲ್ಲ. ಅವರವರ ಹಾಡು, ಪ್ರಾರ್ಥನೆ, ಹಬ್ಬ ಇರಲಿ. ಕಷ್ಟದಲ್ಲಿ ಅವು ನಮ್ಮನ್ನು ಕಾದಿವೆ. ದಲಿತರ ನೋವಿನಿಂದಲೇ ದೇವರ ಮಾತು ಶುರುವಾಗಬೇಕು ಅಂತ 1980ರ ದಶಕದಲ್ಲಿ ಅರವಿಂದ ನಿರ್ಮಲ್ ವಾದಿಸಿದರು. ಅವರು ಆ ವಿಚಾರವನ್ನು ಮೊದಲು ಮಂಡಿಸಿದ್ದು ನಮ್ಮ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲೇ. ಅದೂ ಒಂದು ಪರಂಪರೆ, ಅದು ನಮ್ಮದು.

ನಾವು ಕೇಳೋದು ಮೂರೇ ಮಾತು. ಒಂದು, ಕೇರಿಯಲ್ಲಿ ಯಾರು ಸತ್ತರೂ ಎಲ್ಲ ಚರ್ಚಿನವರೂ ಹೆಗಲು ಕೊಡಬೇಕು, ಸ್ಮಶಾನ ಎಲ್ಲರಿಗೂ ತೆರೆದಿರಬೇಕು. ಎರಡು, ಪಂಗಡ ಬೇರೆ ಅಂತ ಮಕ್ಕಳ ಮದುವೆ ಮುರಿಯಬಾರದು. ಮೂರು, ಮೂರನೇ ಕಂಡಿಕೆ ತೆಗೆಸಲು ಎಲ್ಲ ಪಂಗಡದವರೂ ಒಂದೇ ಅರ್ಜಿಗೆ ಸಹಿ ಹಾಕಬೇಕು, ಒಂದೇ ಮೆರವಣಿಗೆಯಲ್ಲಿ ನಡೆಯಬೇಕು.

ಸಂಘದ ಗೆಳೆಯರಿಗೂ ಒಂದು ಮಾತು. ನಮ್ಮನ್ನು ಹೊರಗಿನವರು ಅನ್ನಬೇಡಿ. ಬಾಬಾಸಾಹೇಬರು 1956ರಲ್ಲಿ ಬುದ್ಧನ ದಾರಿ ಹಿಡಿದರು. ನಮ್ಮ ತಾತಂದಿರು ಅದಕ್ಕೂ ಮುಂಚೆ ಯೇಸುವಿನ ದಾರಿ ಹಿಡಿದಿದ್ದರು. ದಾರಿ ಬೇರೆ, ಬಿಟ್ಟು ಓಡಿಬಂದ ಬೆಂಕಿ ಒಂದೇ. ಅಜ್ಜಿಗೆ ಗುಂಡಿ ತೋಡಿದ ಅಣ್ಣತಮ್ಮಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ನಾವೂ ಅವರಿಂದಲೇ ಕಲಿಯೋಣ.

ಜೈ ಭೀಮ್.