ಉಕ್ಕು ನಮ್ಮ ಪದ, ಹದ ಯಾರ ಕೈಯಲ್ಲಿ?



ಪೇಟೆ ಬಿಟ್ಟು ಹೊನವಾಡದ ತನಕ ಬಂದು ಕುಲುಮೆಯ ಮುಂದೆ ಕೂತಿದ್ದೀರಿ. ಚಾಕು ಮಾಡಲು ಕಲಿಯಬೇಕೆನ್ನುತ್ತೀರಿ. ಸಂತೋಷ. ಅಡುಗೆಮನೆಗೆ ಮಾಡಿ, ತೋಟಕ್ಕೆ ಮಾಡಿ. ಜೇಬಿನಲ್ಲಿಟ್ಟು ಮೆರೆಯುವವರು ಈಗಲೇ ಎದ್ದು ಹೋಗಬಹುದು.

ದಕ್ಷಿಣ ಭಾರತದ ಮೂಸೆ ಉಕ್ಕನ್ನು ಇಂಗ್ಲಿಷರು 'ವೂಟ್ಸ್' ಎಂದರು. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಮೇಲೆ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧ ಒಪ್ಪಿಸಿದ. ಆ ಹೆಸರು ನಮ್ಮ 'ಉಕ್ಕು' ಪದದಿಂದಲೇ ಹೋದದ್ದೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಪದ ಕೊಟ್ಟವರು ನಾವು. ಕಬ್ಬಿಣಕ್ಕೂ ಉಕ್ಕಿಗೂ ಏನು ವ್ಯತ್ಯಾಸ ಎಂದು ಕೇಳಿದರೆ ತಲೆ ಕೆರೆದುಕೊಳ್ಳುವವರೂ ನಾವೇ!

ವ್ಯತ್ಯಾಸ ಇರುವುದು ಇಂಗಾಲದಲ್ಲಿ. ಮನೆ ಕಟ್ಟುವ ಸರಳಿನಲ್ಲಿ ಇಂಗಾಲ ಸುಮಾರು ಶೇ. 0.25. ನಾನು ಮೊದಲು ಬಡಿದದ್ದು ಅದನ್ನೇ. ಎರಡು ದಿನ ಬೆವರು ಸುರಿಸಿ ಮಾಡಿದ ಚಾಕು ಬದನೆಕಾಯಿಯ ಮುಂದೆ ಸೋತಿತು. ಅದನ್ನು ಎಷ್ಟು ಕಾಸಿ ಅದ್ದಿದರೂ ಚಾಕುವಿಗೆ ಬೇಕಾದ ಗಡಸು ಬರುವುದಿಲ್ಲ. ಸ್ಟೀಲಿನ ತಟ್ಟೆ, ಪಾತ್ರೆಯ ತಗಡೂ ಬೇಡ. ಗುಜರಿ ಅಂಗಡಿಯಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿ ಕೇಳಿ. ಅದರಲ್ಲಿ ಇಂಗಾಲ ಸುಮಾರು ಶೇ. 0.5ರಿಂದ 0.6. ಕಲಿಯುವವನ ತಪ್ಪನ್ನು ತಾಳಿಕೊಳ್ಳುವ ಉಕ್ಕು. ಬಿರುಕಿದ್ದರೆ ಮಾತ್ರ ಮುಟ್ಟಬೇಡಿ. ಹಳೆಯ ಒಳ್ಳೆಯ ಅರದಲ್ಲಿ ಇಂಗಾಲ ಶೇ. 1ಕ್ಕೂ ಮೇಲಿರುತ್ತದೆ, ಅಲಗು ಚೂಪು, ಆದರೆ ಬೇಗ ಮುರಿದೀತು.

ಇನ್ನು ಹದ. ಕೆಲಸವೆಲ್ಲ ಇರುವುದು ಇಲ್ಲಿ. ಅಲಗಿಗೆ ಆಕಾರ ಕೊಟ್ಟ ಮೇಲೆ ನೆರಳಿನಲ್ಲಿ ಕಾಸಿ. ಬಿಸಿಲಿನಲ್ಲಿ ಕೆಂಪು ಮೋಸ ಮಾಡುತ್ತದೆ. ಕಾದ ಉಕ್ಕಿಗೆ ಅಯಸ್ಕಾಂತ ಹಿಡಿಯಿರಿ. ಸುಮಾರು 770 ಡಿಗ್ರಿಗೆ ಅದು ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಇನ್ನೊಂದು ಛಾಯೆ ಕೆಂಪೇರಲಿ, ಸಾಕು. ಬೆಳ್ಳಗೆ ಕಾಸಿದರೆ ಉಕ್ಕಿನ ಕಣ ದಪ್ಪವಾಗಿ ಅಲಗು ಕೆಡುತ್ತದೆ.

ತಕ್ಷಣ ಎಣ್ಣೆಗೆ ಇಳಿಸಿ. ಉಗುರುಬೆಚ್ಚಗಿನ ಅಡುಗೆ ಎಣ್ಣೆಯೇ ಆದೀತು. ಅವಸರಕ್ಕೆ ಬಿದ್ದು ನಾನೊಮ್ಮೆ ನೀರಿಗೆ ಅದ್ದಿದೆ. 'ಟಣ್' ಎಂದಿತು, ಅಲಗಿನ ನಡುವೆ ಕೂದಲೆಳೆಯ ಬಿರುಕು! ಎಣ್ಣೆಗೆ ಬೆಂಕಿ ಹತ್ತಬಹುದು. ಕಬ್ಬಿಣದ ಡಬ್ಬಿ, ಅದಕ್ಕೊಂದು ಮುಚ್ಚಳ, ಪಕ್ಕದಲ್ಲಿ ಮರಳು ಇರಲೇಬೇಕು. ನೈಲಾನ್ ಅಂಗಿ ತೊಟ್ಟು ಬರಬೇಡಿ, ಕಣ್ಣಿಗೆ ಕನ್ನಡಕವಿರಲಿ.

ತಣ್ಣಗಾದ ಅಲಗಿನ ಮೇಲೆ ಅರ ಎಳೆಯಿರಿ. ಕಚ್ಚದೆ ಜಾರಿದರೆ ಗಡಸು ಬಂದಿದೆ. ಅಷ್ಟಕ್ಕೇ ಹಿಗ್ಗಬೇಡಿ. ಈಗ ಅದು ಗಾಜಿನ ಹಾಗೆ, ಕೈಜಾರಿ ಬಿದ್ದರೆ ಎರಡು ತುಂಡು. ಅಂದೇ ಉಜ್ಜಿ ಬೆಳ್ಳಗೆ ಮಾಡಿ, ಸುಮಾರು 200 ಡಿಗ್ರಿಯಲ್ಲಿ ಒಂದು ಗಂಟೆ ಬಿಸಿ ಮಾಡಿ ಆರಿಸಿ, ಇನ್ನೊಮ್ಮೆ ಹಾಗೆಯೇ ಮಾಡಿ. ಪೇಟೆಯವರಿಗೆ ಮನೆಯ ಓವನ್ ಸಾಕು. ಇಲ್ಲಿನ ಕಂಬಾರರು ಬಣ್ಣ ನೋಡುತ್ತಾರೆ: ಒಣಹುಲ್ಲಿನ ಹಳದಿ ಬಂದರೆ ಚಾಕುವಿಗೆ ಸರಿ, ನೀಲಿಗೆ ತಿರುಗಿದರೆ ಅಲಗು ಮೆತ್ತಗಾಯಿತು, ಮತ್ತೆ ಮೊದಲಿನಿಂದ.

ಆ ಹಳದಿ ಯಾವುದೆಂದು ಬರೆದು ತೋರಿಸಲಾರೆ. ಕುಲುಮೆ ಉರಿಯುತ್ತಿದೆ, ಹತ್ತಿರ ಬಂದು ಕಣ್ಣಾರೆ ನೋಡಿ.